ಕೊಟ್ರಮ್ಮನ ಹೆಡ್‌ಫೋನು

ಅಂಗಡಿಯ ನಟ್ಟನಡುವೆ ನಿಂತು ಕೊಟ್ರಮ್ಮ ಗಾಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ತಲೆಯ ಮೇಲೆ ಕಪ್ಪು ಬಣ್ಣದ ದೊಡ್ಡ ಹೆಡ್‌ಫೋನು. ಅದರ ಎರಡು ಮೆತ್ತನೆಯ ಬಟ್ಟಲುಗಳು ಬೆಂಡೋಲೆ ಸಮೇತ ಅವಳ ಕಿವಿಗಳನ್ನು ನುಂಗಿಬಿಟ್ಟಿದ್ದವು. ಕಾಣದ ಹಿಟ್ಟನ್ನು ಎಡಗೈಯಿಂದ ತಿರುಗಿಸುತ್ತ, ಬಲಗೈಯಿಂದ ತಟ್ಟುತ್ತ, ಕಾಣದ ಹೆಂಚಿನ ಮೇಲೆ ಹಾಕಲೆಂದು ಅವಳು ಮುಂದಕ್ಕೆ ಬಗ್ಗಿದಳು. ಹೆಡ್‌ಫೋನು ಸರ್ರನೆ ಜಾರಿ ಹಣೆಗೆ ಬಂದು, ಕುಂಕುಮ ಅಳಿಸಿ, ಮೂಗಿನ ಮೇಲೆ ಕೂತಿತು.

"ನೋಡಿದ್ರ್ಯಾ? ಒಂದ ರೊಟ್ಟಿ ಹಾಕೂದ್ರಾಗ ಇದು ಒಲಿಯಾಗ ಬೀಳ್ತೈತಿ," ಎಂದಳು.

ಕೌಂಟರಿನ ಹಿಂದೆ ನಿಂತಿದ್ದ ಅಂಗಡಿಯ ಮಾಲೀಕ ದಾದಾಪೀರ್ ನಗು ತಡೆಯಲಾಗದೆ ಗಾಜಿನ ಮೇಲೆ ಎರಡೂ ಕೈ ಊರಿದ. "ಅಕ್ಕಾರ, ಇದನ್ನ ಹಾಕ್ಕೊಂಡು ಜನ ವಿಮಾನದಾಗ ಕುಂದ್ರತಾರ. ರೊಟ್ಟಿ ಬಡಿಯಾಕಂತ ಕಂಪನಿಯವ್ರು ಮಾಡಿಲ್ರಿ."

"ಯಾಕ? ವಿಮಾನದಾಗ ಹೋಗೋರಿಗೆ ಹಸಿವಾಗಂಗಿಲ್ಲೇನು?" ಎಂದು ಕೊಟ್ರಮ್ಮನ ಜೊತೆ ಬಂದಿದ್ದ ಗೆಳತಿ ಗುಲ್ಜಾರಬೀ ಸೋಫಾದಿಂದ ಕೇಳಿದಳು. ಏಸಿಯ ಗಾಳಿ ನೇರವಾಗಿ ಬೀಳುವ ಜಾಗ ಹುಡುಕಿ ಅವಳು ಆಗಲೇ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಾಗಿತ್ತು.

ದಾದಾಪೀರ್ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವನು. ಗಣಿಯ ದುಡ್ಡು ಬಳ್ಳಾರಿಗೆ ನುಗ್ಗಿದ ಮೇಲೆ ಬೆಂಗಳೂರು ರಸ್ತೆಯಲ್ಲಿ ಟಿವಿ, ಸ್ಪೀಕರುಗಳ ಗಾಜಿನ ಬಾಗಿಲಿನ ಶೋರೂಮ್ ಹಾಕಿದ್ದ. ದೊಡ್ಡ ಕಾರುಗಳಲ್ಲಿ ಬರುವ ಗಿರಾಕಿಗಳು ಒಳಗೆ ಕಾಲಿಟ್ಟವರೇ, "ಎಲ್ಲಕ್ಕಿಂತ ದೊಡ್ಡದು ಯಾವುದೈತಿ?" ಎಂದು ಕೇಳಿ, ಅದನ್ನು ಡಿಕ್ಕಿಗೆ ಹಾಕಿಸಿಕೊಂಡು ಹೋಗುತ್ತಿದ್ದರು. ಕೇಳಿ ನೋಡಿ ಕೊಳ್ಳುತ್ತೇನೆ ಎಂದವರು ಈ ತನಕ ಒಬ್ಬರೂ ಇರಲಿಲ್ಲ. ಹಾಗಾಗಿ ಕುರುಗೋಡಿನಿಂದ ಬಂದ ಈ ಇಬ್ಬರು ಹೆಂಗಸರು, "ಸದ್ದು ಕೊಲ್ಲೋ ಹೆಡ್‌ಫೋನ್ ಐತೇನ್ರಿ? ಬಸ್ಸಿನಾಗೂ ಆಗಬೇಕು, ದಿನಾ ಮನ್ಯಾಗೂ ಆಗಬೇಕು," ಎಂದಾಗ ಅವನಿಗೆ ಹಳೆಯ ದಿನಗಳ ಹುರುಪು ಬಂದಿತ್ತು. ಕಪಾಟಿನಿಂದ ಮೂರು ಬಗೆ ತೆಗೆದು ಸಾಲಾಗಿ ಇಟ್ಟಿದ್ದ. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡದು ಒಂದು, ಕಿವಿಯ ಮೇಲೆ ಬರೀ ಕೂರುವ ಸಣ್ಣದು ಒಂದು, ಇನ್ನೊಂದು ಕಿವಿಯೊಳಗೇ ತುರುಕಿಕೊಳ್ಳುವ ರಬ್ಬರಿನ ಬಿರಡೆ.

"ಸದ್ದನ್ನ ಹೆಂಗ ಕೊಲ್ತೈತ್ರಿ ಇದು?" ಎಂದು ಗುಲ್ಜಾರಬೀ ಕೇಳಿದ್ದಳು.

"ಹೊರಗಿನ ಸದ್ದನ್ನ ಮೊದಲು ತಾನು ಕೇಳಿಸ್ಕೊಂತೈತಿ. ಕೇಳಿಸ್ಕೊಂಡು ಅದಕ್ಕ ಉಲ್ಟಾ ಸದ್ದು ಮಾಡ್ತೈತಿ. ಎರಡೂ ಬಡಿದಾಡಿ ಸಾಯ್ತಾವು."

"ನಮ್ಮ ಓಣಿ ನಳದ ಮುಂದ ಆಗ್ತೈತಲ್ಲ, ಹಂಗ ಅನ್ರಿ."

ಕೊಟ್ರಮ್ಮನದು ಕುರುಗೋಡು ಬಸ್ ನಿಲ್ದಾಣದ ಹತ್ತಿರ ರಸ್ತೆಗೇ ಅಂಟಿದ ಖಾನಾವಳಿ. ಒಲೆಯ ಮುಂದೆ ಅವಳು, ಬಡಿಸಲು ಗಂಡ ಕೊಟ್ರಬಸಪ್ಪ. ಪಕ್ಕದಲ್ಲಿ ಗುಲ್ಜಾರಬೀಯ ಬಳೆ ಅಂಗಡಿ. ಹೊಸಪೇಟೆ ರಸ್ತೆ ಗುಂಡಿ ಬಿದ್ದು ಕೆಟ್ಟ ಮೇಲೆ ಅದಿರು ಲಾರಿಗಳು ಕುರುಗೋಡಿನ ದಾರಿ ಹಿಡಿದಿದ್ದವು. ಹಗಲೂ ಇಲ್ಲ, ಇರುಳೂ ಇಲ್ಲ. ಊಟಕ್ಕೆ ನಿಂತ ಲಾರಿಗಳೂ ಇಂಜಿನ್ ಆರಿಸುತ್ತಿರಲಿಲ್ಲ. ವ್ಯಾಪಾರವೇನೋ ಬೆಳೆದಿತ್ತು, ಎರಡು ಬೆಂಚಿನ ಜಾಗದಲ್ಲಿ ಮೇಜುಗಳು ಬಂದಿದ್ದವು, ಹಂಚಿನ ಮಾಡು ಹೋಗಿ ಆರ್‌ಸಿಸಿ ಬಂದಿತ್ತು. ಆದರೆ ಆ ಮನೆಯಲ್ಲಿ ಮೆಲ್ಲಗೆ ಆಡುವ ಮಾತು ಎಂಬುದೇ ಇಲ್ಲವಾಗಿತ್ತು. ಉಪ್ಪು ಕೊಡು ಎಂಬುದನ್ನೂ ಜಗಳದ ದನಿಯಲ್ಲೇ ಹೇಳಬೇಕಿತ್ತು.

ಅದನ್ನೆಲ್ಲ ಕೊಟ್ರಮ್ಮ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಒಂದೇ. ಮದುವೆಯಾಗಿ ಬಂದಾಗಿನಿಂದ ಸೋಮವಾರ ಸಂಜೆ ಬಸವೇಶ್ವರ ಗುಡಿಯ ಭಜನೆ ಅವಳದು. ಪದ ಎತ್ತುವವಳು ಅವಳೇ. ಹೋದ ವರ್ಷ ಒಂದು ಸೋಮವಾರ, ಅವಳು ಪದ ಎತ್ತಿದ ಮೇಲೆ, ಹಾರ್ಮೋನಿಯಂ ನುಡಿಸುವ ವಿರೂಪಾಕ್ಷಪ್ಪ ಬೆರಳು ನಿಲ್ಲಿಸಿದ್ದ. ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವನಲ್ಲ. "ಸ್ವಲ್ಪ ಮೆತ್ತಗ, ಕೊಟ್ರಮ್ಮಾ. ಒದರಿದಂಗ ಆಗಾಕತ್ತೈತಿ," ಎಂದಿದ್ದ. ಅವಳು ಮೆತ್ತಗೆ ಹಾಡಲು ನೋಡಿದಳು. ದನಿ ಬರಲಿಲ್ಲ. ಮತ್ತೆ ಎತ್ತಿದರೆ ಅದೇ ಒರಟು, ಶ್ರುತಿಯ ಆಚೆ ಎಲ್ಲೋ ಹೋಗಿ ಬೀಳುವ ದನಿ. ತಾಳ ಕೆಳಗಿಟ್ಟು ಮನೆಗೆ ಬಂದವಳು ಮತ್ತೆ ಗುಡಿಯ ಭಜನೆಗೆ ಹೋಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಸೊಂಟನೋವು ಎಂದಿದ್ದಳು. ನಿಜ ಗೊತ್ತಿದ್ದದ್ದು ಗುಲ್ಜಾರಬೀಗೆ ಮಾತ್ರ.

ಹೀಗಿರುವಾಗ ಒಂದು ಮಧ್ಯಾಹ್ನ ಗಣಿ ಕಂಪನಿಯ ಎಂಜಿನಿಯರ್ ಒಬ್ಬ ಊಟಕ್ಕೆ ಬಂದಿದ್ದ. ಅವನ ಕೊರಳಿಗೆ ಹೆಡ್‌ಫೋನು ಜೋತುಬಿದ್ದಿತ್ತು. ಇದೇನಪ್ಪ ಎಂದು ಕೊಟ್ರಮ್ಮ ಕೇಳಿದಾಗ ಅವನು ನಗುತ್ತ ಅದನ್ನು ಅವಳ ಕಿವಿಗೇ ಹಾಕಿ ಗುಂಡಿ ಒತ್ತಿದ. ತಲೆಯೊಳಗೆ ನಾಟಿದ್ದ ಗೂಟವೊಂದನ್ನು ಯಾರೋ ಎಳೆದು ಹಾಕಿದಂತಾಯಿತು. ಹೊರಗೆ ಲಾರಿ ಕಣ್ಣಿಗೆ ಕಾಣುತ್ತಿದೆ, ನಡುಗುತ್ತಿದೆ, ಹೊಗೆ ಬಿಡುತ್ತಿದೆ. ಆದರೆ ಸದ್ದಿಲ್ಲ. ತಾನು ಉಗುಳು ನುಂಗಿದ್ದು ಅವಳಿಗೆ ಕೇಳಿಸಿತು. ಆಮೇಲೆ, ಯಾರಿಗೂ ತಿಳಿಯದ ಹಾಗೆ, ತುಟಿ ಮುಚ್ಚಿಕೊಂಡೇ ಒಂದು ಸಲ ಹೂಂಗುಟ್ಟಿ ನೋಡಿದಳು. ಅದೂ ಕೇಳಿಸಿತು.

ದೀಪಾವಳಿಗೆ ಏನು ಬೇಕೆಂದು ಗಂಡ ಕೇಳಿದಾಗ ಅವಳು ಹೇಳಿದ್ದು ಇದನ್ನೇ. ಕೊಟ್ರಬಸಪ್ಪ ಗುಲ್ಜಾರಬೀಯ ಹತ್ತಿರ ದೂರು ತಂದಿದ್ದ. "ಕಿವಿಗೆ ಹೊಸಾ ಬೆಂಡೋಲಿ ಮಾಡಿಸ್ಕೋ ಅಂದ್ರ, ಕಿವಿಗೆ ಕುಲಾವಿ ಬೇಕಂತಾಳ ನೋಡವ್ವ ನಿನ್ನ ಗೆಳತಿ!"

ಗುಲ್ಜಾರಬೀ ಆಗ ನಕ್ಕಿದ್ದಳು. ಆದರೆ ಇವತ್ತು ಬೆಳಿಗ್ಗೆ ಬಳ್ಳಾರಿ ಬಸ್ಸು ಹತ್ತುವಾಗ ಅವಳ ಬಾಯಿಂದ ಇನ್ನೊಂದು ಮಾತು ಬಂದಿತ್ತು. "ನಾ ಮಾತಾಡಿದ್ದು ಕೇಳಬಾರ್ದಂತ ತಗೊಳ್ಳಾಕತ್ತೀಯೇನಬೇ, ಕೊಟ್ರಿ?" ತಮಾಷೆಯ ಹಾಗೆ ಕೇಳಿದರೂ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಕೊಟ್ರಮ್ಮ ಏನೋ ಉತ್ತರ ಹೇಳಿದಳು. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಟಿಪ್ಪರ್ ಹಾದುಹೋದದ್ದರಿಂದ ಅದು ಗುಲ್ಜಾರಬೀಗೆ ಕೇಳಿಸಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ.

ಶೋರೂಮಿನಲ್ಲಿ ಕೊಟ್ರಮ್ಮ ತನ್ನ ಮೊಬೈಲನ್ನು ದಾದಾಪೀರನ ಕೈಗೆ ಕೊಟ್ಟಳು. ಸಿರುಗುಪ್ಪಕ್ಕೆ ಮದುವೆ ಮಾಡಿಕೊಟ್ಟ ಮಗಳು ರಶ್ಮಿ ಅದರಲ್ಲಿ ಒಂದು ರೆಕಾರ್ಡಿಂಗ್ ಹಾಕಿಕೊಟ್ಟಿದ್ದಳು. ದಾದಾಪೀರ್ ಅದನ್ನು ಕೇಳಿ ಹುಬ್ಬು ಗಂಟಿಕ್ಕಿದ. "ಇದ್ರಾಗ ಹಾಡ ಇಲ್ಲಲ್ರಿ ಅಕ್ಕಾರ. ಬರೇ ಗುಂಯ್ ಅಂತೈತಿ."

"ಅದ ಶ್ರುತಿ. ನನಗ ಅದ ಬೇಕು. ಹಾಡು ನನ್ನ ಹತ್ರ ಐತಿ."

ಅವನು ಒಂದೊಂದಾಗಿ ಮೂರನ್ನೂ ಹಾಕಿಸಿದ. ಮೂರರಲ್ಲೂ ಶ್ರುತಿ ಚೆನ್ನಾಗಿಯೇ ಕೇಳಿಸಿತು. ಕೊಟ್ರಮ್ಮ ಸಮಾಧಾನವಾಗದೆ ಸುತ್ತಲೂ ನೋಡಿದಳು. ಗಾಜಿನ ಬಾಗಿಲು ಮುಚ್ಚಿತ್ತು. ಹೊರಗಿನ ರಸ್ತೆ ಟಿವಿಯಲ್ಲಿ ದನಿ ಆರಿಸಿದ ಚಿತ್ರದ ಹಾಗೆ ಹರಿಯುತ್ತಿತ್ತು.

"ಇಲ್ಲಿ ಸದ್ದ ಎಲ್ಲೈತ್ರಿ ಕೊಲ್ಲಾಕ? ಇಲ್ಲಿ ಎಲ್ಲಾನೂ ಚಲೋನ ಕೇಳಿಸ್ತೈತಿ. ನಮ್ಮ ಬಸ್ಸಿನಾಗ ಹಾಕಿ ನೋಡಬೇಕು."

"ಬಸ್ಸಿನಾಗ? ಮೂರೂ?"

"ಕುರುಗೋಡು ಮಟ ಬರ್ರಿ. ಊಟ ನಮ್ಮಲ್ಲೇ ಮಾಡಿ ಹೋಗೀರಂತ."

ದಾದಾಪೀರ್ ಗೋಡೆಯ ಗಡಿಯಾರ ನೋಡಿದ. ಭಾನುವಾರ; ಅರ್ಧ ದಿನಕ್ಕೆ ಅಂಗಡಿ ಮುಚ್ಚಿ ಅವನು ಸಿರುಗುಪ್ಪದ ತಂಗಿಯ ಮನೆಗೆ ಹೋಗುವವನಿದ್ದ. ಕಾರಿನಲ್ಲಿ ಹೋಗಬೇಕೆಂದುಕೊಂಡಿದ್ದ. ಎದುರಿಗೆ ನಿಂತ ಹೆಂಗಸು ಅಳಿಸಿಹೋದ ಕುಂಕುಮದೊಂದಿಗೆ, ಮದುವೆಗೆ ಸೀರೆ ಆರಿಸುವವರಷ್ಟು ಗಂಭೀರವಾಗಿ ಅವನನ್ನೇ ನೋಡುತ್ತಿದ್ದಳು. "ಕುರುಗೋಡು ಮ್ಯಾಲೇ ಸಿರುಗುಪ್ಪಕ್ಕ ಹೋದ್ರಾಯ್ತು ಬಿಡ್ರಿ," ಎಂದು ಅವನು ಮೂರನ್ನೂ ಚೀಲಕ್ಕೆ ಹಾಕಿಕೊಂಡ.

ಬಸ್ಸಿನಲ್ಲಿ ಜನ ತುಂಬಿದ್ದರು. ಕಂಡಕ್ಟರ್ ಸುಂಕಣ್ಣ ಕೊಟ್ರಮ್ಮನಿಗೆ ಪರಿಚಯದವನಾದ್ದರಿಂದ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅವಳು, ಅವಳ ಪಕ್ಕ ಗುಲ್ಜಾರಬೀ, ಹಿಂದಿನ ಸೀಟಿನಲ್ಲಿ ಚೀಲವನ್ನು ಎದೆಗವಚಿಕೊಂಡ ದಾದಾಪೀರ್. ಊರು ದಾಟುವಷ್ಟರಲ್ಲಿ ಕೊಟ್ರಮ್ಮ ಬಿರಡೆಗಳನ್ನು ಹಾಕಿಕೊಂಡು ತೆಗೆದೂ ಆಗಿತ್ತು.

"ನನ್ನ ದನಿ ಕೊಡದಾಗ ಬಾಯಿ ಇಟ್ಟು ಕೂಗಿದಂಗ ಕೇಳಿಸ್ತೈತಿ. ಇದು ಬ್ಯಾಡ."

ದೊಡ್ಡದು ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಬಸ್ಸಿನ ಗುಡುಗು, ಕಿಟಕಿಯ ಗಾಜುಗಳ ಗಡಗಡ, ಹಿಂದಿನ ಕೂಸಿನ ಅಳು, ಎಲ್ಲವೂ ದೂರದ ಯಾವುದೋ ಊರಿಗೆ ಹೊರಟುಹೋದವು. ಆದರೆ ಸ್ವಲ್ಪ ಹೊತ್ತಿಗೆ ಕಿವಿಗಳು ಬೆವರಿದವು, ಬೆಂಡೋಲೆ ಒತ್ತತೊಡಗಿತು. ಗುಲ್ಜಾರಬೀ ಏನೋ ಹೇಳುತ್ತ ಅವಳ ಕೈ ಅಲುಗಾಡಿಸಿದಳು. ತುಟಿಗಳು ಆಡುತ್ತಿದ್ದವು. ಮಾತಿರಲಿಲ್ಲ. ಕೊಟ್ರಮ್ಮ ಹೆಡ್‌ಫೋನು ತೆಗೆದು, "ಏನಂದಿ?" ಎಂದಳು.

"ಏನಿಲ್ಲ ಬಿಡು," ಎಂದು ಗುಲ್ಜಾರಬೀ ಮುಖ ತಿರುಗಿಸಿದಳು.

ಕೋಳೂರು ದಾಟಿದ ಮೇಲೆ ಬಸ್ಸು ನಿಂತುಬಿಟ್ಟಿತು. ಮುಂದೆ ಟಿಪ್ಪರ್ ಒಂದರ ಆ್ಯಕ್ಸಲ್ ಮುರಿದು ರಸ್ತೆಗೆ ಅಡ್ಡವಾಗಿತ್ತು. ಹಿಂದೆ ಮುಂದೆ ಕಣ್ಣು ಹಾಯುವಷ್ಟು ದೂರ ಲಾರಿಗಳು, ಎಲ್ಲವೂ ಗುಂಯ್ಗುಡುತ್ತ, ಕೆಂಪು ಧೂಳು ಕೆಮ್ಮುತ್ತ. ಇಳಿದು ನೋಡಿ ಬಂದ ಸುಂಕಣ್ಣ, "ಕ್ರೇನ್ ಬರೂತನ ಯಾರೂ ಏನೂ ಮಾಡಂಗಿಲ್ಲ. ಮಲಗೋರು ಮಲಗ್ರಿ," ಎಂದು ಸಾರಿದ. ಸಾರಿದವನ ಕಣ್ಣು ಸೀಟಿನ ಮೇಲಿದ್ದ ದೊಡ್ಡ ಹೆಡ್‌ಫೋನಿನ ಮೇಲೆ ಬಿತ್ತು. "ಇದೇನ್ರಿ ಕೊಟ್ರಮ್ಮಾರ?"

ಸುಂಕಣ್ಣ ಅದನ್ನು ಹಾಕಿಕೊಂಡು ನೋಡಿದ. ಆಮೇಲೆ ಇಡೀ ಬಸ್ಸಿಗೆ ಕೇಳುವ ಹಾಗೆ, "ಯಪ್ಪಾ, ನಮ್ಮ ಬಸ್ಸು ಕಾರ್ ಆಗೈತಿ!" ಎಂದು ಕೂಗಿದ. ಅಷ್ಟೇ. ಹೆಡ್‌ಫೋನು ಸೀಟಿನಿಂದ ಸೀಟಿಗೆ ಹೊರಟಿತು. ಮೆಣಸಿನಕಾಯಿ ಚೀಲ ಇಟ್ಟುಕೊಂಡಿದ್ದ ಒಬ್ಬ ಹಾಕಿಕೊಂಡು, ಪಕ್ಕದಲ್ಲೇ ಕೂತ ಹೆಂಡತಿಯನ್ನು ಊರಾಚೆ ಇರುವವಳನ್ನು ಕರೆಯುವಂತೆ ಕರೆದ. ಮುದುಕಿಯೊಬ್ಬಳು ಹಾಕಿಕೊಂಡ ಕೂಡಲೇ, "ಅಯ್ಯೋ, ಇದ್ದಬದ್ದ ಕಿವೀನೂ ಹೋತಲ್ಲೋ!" ಎಂದು ಗಾಬರಿಯಾಗಿ, ತೆಗೆದ ಮೇಲೆ ಲಾರಿ ಹಾರನ್ನು ಕೇಳಿ ಖುಷಿಯಿಂದ ಕೈಮುಗಿದಳು. ಅಳುತ್ತಿದ್ದ ಕೂಸಿನ ತಾಯಿ ಎಲ್ಲರಿಗಿಂತ ಹೆಚ್ಚು ಹೊತ್ತು ಇಟ್ಟುಕೊಂಡು, ಕಣ್ಣು ಮುಚ್ಚಿ, ಯಾರು ಕೇಳಿದರೂ ಕೊಡಲೊಲ್ಲೆ ಎಂದು ತಲೆಯಾಡಿಸಿದಳು. ಕೂಸು ಅವಳ ತಲೆಯ ಮೇಲಿನ ಹೊಸ ಆಟಿಕೆ ನೋಡುತ್ತ ಅಳುವುದನ್ನೇ ಬಿಟ್ಟಿತ್ತು. ದಾದಾಪೀರ್ ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿ, "ವೈರು ಎಳೀಬ್ಯಾಡ್ರೀ! ಮೆಣಸಿನಕಾಯಿ ಕೈ ಹಚ್ಚಬ್ಯಾಡ್ರೀ!" ಎಂದು ಕೂಗುತ್ತಲೇ ಇದ್ದ. ಕೂಗುತ್ತಲೇ ನಗುತ್ತಿದ್ದ.

ಈ ಗದ್ದಲದಲ್ಲಿ ಕೊಟ್ರಮ್ಮ ಉಳಿದ ಒಂದನ್ನು, ಕಿವಿಯ ಮೇಲೆ ಬರೀ ಕೂರುವ ಸಣ್ಣದನ್ನು, ಹಾಕಿಕೊಂಡು, ವೈರನ್ನು ಮೊಬೈಲಿಗೆ ಸಿಕ್ಕಿಸಿ ಗುಂಡಿ ಒತ್ತಿದಳು. ಇದು ದೊಡ್ಡದರಂತೆ ಎಲ್ಲವನ್ನೂ ಮುಚ್ಚಲಿಲ್ಲ. ಮಾತುಗಳು ಸಣ್ಣಗೆ ಕೇಳಿಸುತ್ತಿದ್ದವು, ನಗು ಕೇಳಿಸುತ್ತಿತ್ತು. ಹೋದದ್ದು ಇಂಜಿನ್ನುಗಳ ಗುಂಯ್ ಒಂದೇ. ಬಾವಿಯ ನೀರಿನ ಮೇಲಿನ ಪಾಚಿಯನ್ನು ಕೈಯಿಂದ ಸರಿಸಿದ ಹಾಗೆ ಅದು ಪಕ್ಕಕ್ಕೆ ಸರಿಯಿತು. ತಿಳಿಯಾದ ಜಾಗದಲ್ಲಿ ಶ್ರುತಿ ನಿಂತಿತ್ತು.

ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮೋಕಾ ಊರಿನ ತವರಿನಲ್ಲಿ ನಸುಕಿನಲ್ಲಿ ಅವ್ವ ಬೀಸುತ್ತ ಹಾಡುತ್ತಿದ್ದ ಪದವೊಂದಿತ್ತು. ಗುಡಿಯಲ್ಲಿ ಅದನ್ನು ಅವಳು ಎಂದೂ ಹಾಡಿರಲಿಲ್ಲ. ಅದು ದೇವರ ಪದವಲ್ಲ, ತವರಿಗೆ ಹೋಗುವ ದಾರಿಯ ಬಗ್ಗೆ ಇದ್ದದ್ದು. ಮೊದಲು ಶ್ರುತಿಯ ಪಕ್ಕದಲ್ಲಿ ದನಿ ಇಟ್ಟಳು, ಮಲಗಿದ ಕೂಸಿನ ಪಕ್ಕ ಕೈ ಇಡುವ ಹಾಗೆ. ಕೂಡಿತು. ತನ್ನ ದನಿ ಎಲುಬಿನೊಳಗಿಂದ ಬಂದು ತಲೆಯಲ್ಲಿ ತುಂಬುವುದು ಅವಳಿಗೆ ಕೇಳಿಸಿತು. ಅದು ಒರಟಾಗಿರಲಿಲ್ಲ. ಸ್ವಲ್ಪ ವಯಸ್ಸಾಗಿತ್ತು, ಅಷ್ಟೇ. ಎರಡನೆಯ ಸಾಲಿಗೆ ಹೋದಳು. ಮೇಲಿನ ಸ್ವರಕ್ಕೆ ಏರಬೇಕಾದಲ್ಲಿ ಹೆದರಿ ಒಂದು ಕ್ಷಣ ನಿಂತಳು, ಏರಿದಳು. ಜಾರಲಿಲ್ಲ. ಆಮೇಲೆ ಬಸ್ಸಿನಲ್ಲಿ ಕೂತಿರುವುದು ಅವಳಿಗೆ ಮರೆತುಹೋಯಿತು.

ಮೊದಲು ಕೇಳಿಸಿಕೊಂಡದ್ದು ಗುಲ್ಜಾರಬೀ. ಮೆಣಸಿನಕಾಯಿಯವನ ಹೆಂಡತಿಗೆ ಏನೋ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಗೆಳತಿಯ ಕಡೆ ತಿರುಗಿದಳು. ಮೆಲ್ಲಗೆ ಎದ್ದು ನಿಂತು, ತುಟಿಯ ಮೇಲೆ ಬೆರಳಿಟ್ಟು, ಬಸ್ಸಿನ ಆ ತುದಿಯಿಂದ ಈ ತುದಿಯ ತನಕ ಎಲ್ಲರನ್ನೂ ಒಂದು ಸುತ್ತು ನೋಡಿದಳು. ಮೊದಲು ಸುಂಕಣ್ಣ ಸುಮ್ಮನಾದ. ದಾದಾಪೀರ್ ಹಾಗೇ ಸೀಟಿನ ಮೇಲೆ ಕುಸಿದು ಕೂತ. ಹಿಂದೆ ಇದ್ದವರು ಒಬ್ಬರ ಹಿಂದೊಬ್ಬರು ಮುಂದಕ್ಕೆ ಸರಿದು ಬಂದರು. ಹೊರಗೆ ಲಾರಿಗಳು ಗುಂಯ್ಗುಡುತ್ತಲೇ ಇದ್ದವು. ಅದರ ನಡುವೆ ಕಿವಿಗೊಟ್ಟರೆ ಮಾತ್ರ ಸಿಗುವಷ್ಟು ತೆಳ್ಳಗೆ, ಆದರೆ ಎಲ್ಲೂ ಕಡಿಯದೆ, ಹಾಡು ಸಾಗುತ್ತಿತ್ತು.

ಪದ ಮುಗಿಸಿ ಕಣ್ಣು ತೆರೆದ ಕೊಟ್ರಮ್ಮ ಬೆಚ್ಚಿಬಿದ್ದಳು. ಎಷ್ಟೊಂದು ಮುಖಗಳು. ಹೆಡ್‌ಫೋನನ್ನು ಕಿತ್ತು ಮಡಿಲಲ್ಲಿಟ್ಟುಕೊಂಡು ಗುಲ್ಜಾರಬೀಯ ಕಡೆ ಮಾತ್ರ ನೋಡಿ ಕೇಳಿದಳು, "ನಾ ಒದರಿದ್ನೇನಬೇ?"

"ಇಲ್ಲವ್ವ," ಎಂದಳು ಗುಲ್ಜಾರಬೀ. ಸೆರಗಿನಿಂದ ಮೂಗು ಒರೆಸಿಕೊಂಡು, "ಧೂಳು," ಎಂದಳು.

ಕಿವಿ ಹೋಯಿತೆಂದು ಹೆದರಿದ್ದ ಮುದುಕಿ ಕೋಲೂರಿಕೊಂಡು ಹತ್ತಿರ ಬಂದು, "ಇನ್ನೊಂದು ಹಾಡವ್ವ," ಎಂದಳು. ಕೊಟ್ರಮ್ಮ ನಾಚಿದಳು. ಹೆಡ್‌ಫೋನು ಇಲ್ಲದೆಯೇ ಶುರು ಮಾಡಿದಳು. ಎರಡು ಸಾಲು ಹೋಗುವುದರೊಳಗೆ ಲಾರಿಗಳ ಸದ್ದಿನ ಮೇಲೆ ದನಿ ಏರಲು ನೋಡಿತು, ಅಂಚು ಸೀಳಿತು. ಅವಳು ನಿಲ್ಲಿಸಿ, "ತಡೀರಿ," ಎಂದು ಹೆಡ್‌ಫೋನು ಮತ್ತೆ ಹಾಕಿಕೊಂಡು ಮೊದಲಿನಿಂದ ಹಾಡಿದಳು. ಈ ಸಲ ಬಸ್ಸಿನವರು ತಾಳ ಹಾಕಿದರು. ಸುಂಕಣ್ಣ ಟಿಕೆಟ್ ಚೀಲದ ಚಿಲ್ಲರೆಯನ್ನೇ ಗೆಜ್ಜೆ ಮಾಡಿದ. ಕ್ರೇನ್ ಬಂದು, ದಾರಿ ತೆರವಾಗಿ, ಡ್ರೈವರ್ ಎರಡು ಸಲ ಹಾರನ್ ಹೊಡೆದರೂ ಗಾಳಿಗೆಂದು ಕೆಳಗಿಳಿದಿದ್ದವರಿಗೆ ಹತ್ತುವ ಮನಸ್ಸಿರಲಿಲ್ಲ. ಕಿಟಕಿಯ ಕೆಳಗೇ ಗುಂಪುಗೂಡಿ ನಿಂತಿದ್ದರು.

ಕುರುಗೋಡಿನಲ್ಲಿ ಊಟ ಮಾಡುವಾಗ ದಾದಾಪೀರ್ ಕೊನೆಯ ಸಲ ಎಂಬಂತೆ ಹೇಳಿದ. "ಅಕ್ಕಾರ, ಸುಳ್ಳು ಹೇಳಂಗಿಲ್ಲ. ಮೂರರಾಗ ದೊಡ್ಡದ ಚಲೋದು. ಅದು ಎಲ್ಲಾ ಸದ್ದೂ ಮುಚ್ತೈತಿ. ಸಣ್ಣದು ಅಷ್ಟು ಮುಚ್ಚಂಗಿಲ್ಲ."

"ಎಲ್ಲಾ ಮುಚ್ಚಿ ಏನ ಮಾಡ್ಲಿ?" ಎಂದು ಕೊಟ್ರಮ್ಮ ಅವನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. "ರೊಟ್ಟಿ ಅಂದವ್ರಿಗೆ ರೊಟ್ಟಿ ಕೊಡಬೇಕು. ಹಾರನ್ ಕೇಳದಿದ್ರ ರಸ್ತಿ ದಾಟೂದು ಹೆಂಗ? ಇನ್ನ ಇಕಿ ದಿನಾ ಮಾತಾಡ್ತಾಳ, ಅದನ್ನ ಕೇಳದ ನನಗ ಹೊತ್ತ ಹೋಗಂಗಿಲ್ಲ. ಮುಂಜಾನಿ ಬಸ್ ಹತ್ತುವಾಗ ಅದನ್ನ ಹೇಳಿದ್ನಲ್ಲ, ಗುಲ್ಜಾರ?"

ಗುಲ್ಜಾರಬೀ ಪಲ್ಯದ ಬಟ್ಟಲಿನಿಂದ ತಲೆ ಎತ್ತಿದಳು. "ಎಲ್ಲಿ ಕೇಳಿಸ್ತಬೇ ಆ ಟಿಪ್ಪರಿನಾಗ!" ಎಂದು ರೇಗಿದಳು. ಮುಖ ಮಾತ್ರ ಅರಳಿತ್ತು. "ನಾಳಿ ಸೋಮವಾರ ನಾನೂ ಬರ್ತೀನಿ ಗುಡಿ ಕಟ್ಟಿ ಮ್ಯಾಲ ಕುಂದ್ರಾಕ. ನೀ ಹಾಡದಿದ್ರ ಅಲ್ಲೇ ಜಗಳ ತಗೀತೀನಿ."

ದಾದಾಪೀರ್ ದುಡ್ಡು ಎಣಿಸಿಕೊಂಡು, ಸಣ್ಣದನ್ನು ಅಲ್ಲೇ ಬಿಟ್ಟು, ಡಬ್ಬಿ ಮತ್ತು ಬಿಲ್ಲನ್ನು ಇನ್ನೊಮ್ಮೆ ಬಂದಾಗ ಒಯ್ಯಿರಿ ಎಂದು ಹೇಳಿ ಸಿರುಗುಪ್ಪದ ಬಸ್ಸು ಹತ್ತಿದ. ಬಸ್ಸು ಕದಲಿದ ಮೇಲೆ ದೊಡ್ಡದನ್ನು ಚೀಲದಿಂದ ತೆಗೆದು ತಾನೇ ತಲೆಗೆ ಹಾಕಿಕೊಂಡು, ಕಿಟಕಿಯಿಂದ ಕೈ ಬೀಸಿದ.

ಮರುದಿನ ಮಧ್ಯಾಹ್ನ ಖಾನಾವಳಿ ತುಂಬಿತ್ತು. ಒಲೆಯ ಮುಂದೆ ಕೊಟ್ರಮ್ಮ, ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಹೆಡ್‌ಫೋನು, ವೈರು ಬೆನ್ನ ಹಿಂದಿನಿಂದ ಇಳಿದು ಸೊಂಟದ ಮೊಬೈಲಿಗೆ. ಬಗ್ಗಿದರೂ ಎದ್ದರೂ ಅದು ಜಾರುತ್ತಿರಲಿಲ್ಲ. ಸಂಜೆ ಎತ್ತಬೇಕಾದ ಪದವನ್ನು ಅವಳು ರೊಟ್ಟಿ ತಟ್ಟುವ ತಾಳಕ್ಕೆ ಹೊಂದಿಸಿ ಹಾಡಿಕೊಳ್ಳುತ್ತಿದ್ದಳು. ಬಾಗಿಲಿಗೆ ಬೆನ್ನು ಹಾಕಿ ಕೂತದ್ದರಿಂದ ಹಿಂದೆ ಯಾರಿದ್ದಾರೆಂದು ಅವಳಿಗೆ ಕಾಣುತ್ತಿರಲಿಲ್ಲ. ಮೇಜುಗಳಲ್ಲಿ ಮಾತು ಒಂದೊಂದಾಗಿ ನಿಂತಿತು. ಇನ್ನೊಂದು ರೊಟ್ಟಿ ಬೇಕಾದವನು ಕೇಳದೆ ಬೆರಳು ಎತ್ತಿ ತೋರಿಸಿದ. ಕೊಟ್ರಬಸಪ್ಪ ತುದಿಗಾಲಲ್ಲಿ ಬಂದು ಬಡಿಸಿದ.

ಬಾಗಿಲ ಹತ್ತಿರ ಕೂತಿದ್ದ ಆಂಧ್ರದ ಡ್ರೈವರ್ ಒಬ್ಬ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದ. ಅವನಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಹೊರಗೆ ನಿಂತ ಅವನ ಲಾರಿಯ ಗುಂಯ್ ಹಾಡಿನ ಮೇಲೆ ಹಾದುಹೋದಾಗಲೆಲ್ಲ ಅವನ ಮುಖ ಕಿವುಚುತ್ತಿತ್ತು. "ಒಕ್ಕ ನಿಮಿಷಂ," ಎಂದು ಪಿಸುಗುಟ್ಟಿ, ಎಂಜಲು ಕೈಯನ್ನು ಹಾಗೇ ಮೇಲೆತ್ತಿಕೊಂಡು ಅವನು ಎದ್ದು ಹೋದ. ಎಡಗೈಯಿಂದ ಲಾರಿಯ ಬಾಗಿಲು ತೆರೆದು, ಒಳಗೆ ಬಗ್ಗಿ, ಇಂಜಿನ್ ಆರಿಸಿದ. ಬಂದು ತನ್ನ ಜಾಗದಲ್ಲಿ ಕೂತ.

ಕೊಟ್ರಮ್ಮನಿಗೆ ಅದು ತಿಳಿಯಲಿಲ್ಲ. ಅವಳು ಇನ್ನೊಂದು ಉಂಡೆ ಹಿಟ್ಟು ಎತ್ತಿಕೊಂಡಳು. ಬಾಗಿಲಾಚೆ, ಲಾರಿಯ ಸುತ್ತ ಎದ್ದಿದ್ದ ಕೆಂಪು ಧೂಳು ಬಿಸಿಲಿನಲ್ಲಿ ತೇಲುತ್ತ ಮೆಲ್ಲಗೆ ಕೆಳಗಿಳಿಯುತ್ತಿತ್ತು.